ಯಾರೂ ಬರೆಸದ ಹೆಸರು

ನಿಡಘಟ್ಟದ ನೆಂಟರ ಮನೆಯಲ್ಲಿ ಊಟ ಮುಗಿಸಿಕೊಂಡು ಮಂಡ್ಯಕ್ಕೆ ಹಿಂದಿರುಗುತ್ತಿದ್ದೆ. ಬಸ್ಸು ಬದಲಾಯಿಸಲು ಮದ್ದೂರಿನಲ್ಲಿ ಇಳಿದಾಗ ನಿಲ್ದಾಣದ ಕಾಂಪೌಂಡಿನ ಬದಿಯಲ್ಲಿ ಇಬ್ಬರು ಹೊಸ ಫ್ಲೆಕ್ಸೊಂದರ ಸುರುಳಿ ಬಿಚ್ಚಿ ನೆಲದ ಮೇಲೆ ಹಾಸುತ್ತಿದ್ದರು. ಇನ್ನೂ ಸರಿಯಾಗಿ ಆರದ ಶಾಯಿಯ ವಾಸನೆ ಮೂಗಿಗೆ ಬಡಿಯಿತು. ಸೀಮೆಎಣ್ಣೆಯ ಘಾಟಿಗೆ ಸ್ವಲ್ಪ ಸಿಹಿ ಬೆರೆತಂಥ ವಾಸನೆ ಅದು. ಯಾರದೋ ಹುಟ್ಟುಹಬ್ಬದ ಬ್ಯಾನರು. ನಾನು ನಿಂತಲ್ಲೇ ಅದರ ಮೇಲಿದ್ದ ಶುಭಕೋರುವವರ ಹೆಸರುಗಳನ್ನು ಒಂದೊಂದಾಗಿ ಓದತೊಡಗಿದೆ. ಓದಿ ಮುಗಿಸುವ ಹೊತ್ತಿಗೆ ಮಂಡ್ಯದ ಬಸ್ಸು ಹೊರಟುಹೋಗಿತ್ತು. ಬ್ಯಾನರು ಕಂಡರೆ ಕೊನೆಯ ಹೆಸರಿನ ತನಕ ಓದುವ ಈ ಚಾಳಿ ನನಗೆ ಅಂಟಿಕೊಂಡದ್ದು ಒಂದು ಶ್ರಾವಣದಲ್ಲಿ, ಇದೇ ಊರಿನಲ್ಲಿ.

ಆಗ ನಾನು ಮಂಡ್ಯದಲ್ಲಿ ಕಂಪ್ಯೂಟರ್ ಡಿಪ್ಲೊಮಾ ಓದಿ, ಮದುವೆಯಾಗಿ ಬೆಸಗರಹಳ್ಳಿಗೆ ಬಂದಿದ್ದೆ. ಮನೆಯಲ್ಲಿ ಕೂತು ಬೇಸರವಾಗಿ, ಮದ್ದೂರಿನ ಪೇಟೆಬೀದಿಯಲ್ಲಿದ್ದ ನಿಂಗರಾಜಣ್ಣನ ಫ್ಲೆಕ್ಸ್ ಅಂಗಡಿಗೆ ಡಿಸೈನ್ ಕೆಲಸಕ್ಕೆ ಸೇರಿದೆ. ನನಗಿಂತ ಮುಂಚೆ ಆ ಕುರ್ಚಿಯಲ್ಲಿ ಹದಿನೈದು ವರ್ಷ ಕೂತಿದ್ದವರು ಕೆಂಪಣ್ಣ. ಒಂದು ಕಾಲಕ್ಕೆ ಲಾರಿಗಳ ಹಿಂಬದಿಗೆ, ಅಂಗಡಿಗಳ ಬೋರ್ಡಿಗೆ ಕುಂಚದಲ್ಲಿ ಅಕ್ಷರ ಬರೆಯುತ್ತಿದ್ದ ಮನುಷ್ಯ. ಕಣ್ಣಿಗೆ ಪೊರೆ ಬಂದು ಮನೆ ಸೇರಿದ್ದರು. ಅವರು ಮಾಡಿಟ್ಟ ನೂರಾರು ಕಡತಗಳು ಅಂಗಡಿಯ ಆಸ್ತಿ. ಪ್ರತಿ ವರ್ಷ ಅದೇ ಗಣಪತಿ ಮಂಡಳಿ, ಅದೇ ಡೇರಿ ಸಂಘ, ಅದೇ ಪುಣ್ಯಸ್ಮರಣೆ. ಹಳೆಯ ಕಡತ ತೆಗೆದು ವರ್ಷ ಬದಲಾಯಿಸಿದರೆ ಅರ್ಧ ಕೆಲಸ ಮುಗಿದಂತೆ.

ಆ ಮಳೆಗಾಲ ಶುರುವಾಗುವಾಗ ಹಳೆಯ ಕಂಪ್ಯೂಟರು ಕೆಟ್ಟಿತು. ಹೊಸದು ಬಂತು, ಅದರ ಜೊತೆಗೆ ಚಿತ್ರ ತಿದ್ದುವ ತಂತ್ರಾಂಶದ ಹೊಸ ಆವೃತ್ತಿಯೂ ಬಂತು. ಕೆಂಪಣ್ಣನ ಕಡತವೊಂದನ್ನು ತೆರೆದು ನೋಡಿದರೆ ಕನ್ನಡವೇ ಇಲ್ಲ. ದಿವಂಗತರ ಫೋಟೋದ ಕೆಳಗೆ ಇಂಗ್ಲಿಷಿನ ಅಕ್ಷರ, ಆವರಣ ಚಿಹ್ನೆ, ಅಲ್ಪವಿರಾಮಗಳ ಕಲಸುಮೇಲೋಗರ. ಕಾರಣ ಇಷ್ಟೆ: ಕೆಂಪಣ್ಣ ಬಳಸುತ್ತಿದ್ದ ಹಳೆಯ ಫಾಂಟುಗಳಲ್ಲಿ ಒಳಗಿರುವುದು ಇಂಗ್ಲಿಷ್ ಅಕ್ಷರ, ಮೇಲೆ ತೊಡಿಸಿರುವುದು ಕನ್ನಡದ ವೇಷ. ಹೊಸ ಆವೃತ್ತಿ ಆ ಫಾಂಟನ್ನು ಗುರುತಿಸಲಿಲ್ಲ, ವೇಷ ಕಳಚಿಬಿತ್ತು. ಶ್ರಾವಣ ಹತ್ತಿರ ಬಂದಿತ್ತು. ಎಲ್ಲವನ್ನೂ ಮತ್ತೆ ಟೈಪು ಮಾಡುತ್ತಾ ಕೂತರೆ ಗೌರಿಹಬ್ಬ ಕಳೆದರೂ ಮುಗಿಯುತ್ತಿರಲಿಲ್ಲ.

ನಾನೊಂದು ಪ್ಲಗಿನ್ ಬರೆಯುತ್ತೇನೆ ಅಂದೆ. ದೊಡ್ಡ ತಂತ್ರಾಂಶಕ್ಕೆ ಬಾಲದಂತೆ ಸಿಕ್ಕಿಸಿ, ನಾವು ಕೈಯಲ್ಲಿ ಮಾಡುವ ಕೆಲಸವನ್ನು ತಾನೇ ಮಾಡುವಂತೆ ಹೇಳಿಕೊಡುವ ಸಣ್ಣ ಪ್ರೋಗ್ರಾಂ ಅದು. ನಿಂಗರಾಜಣ್ಣ ಅರ್ಥವಾದವರಂತೆ ತಲೆಯಾಡಿಸಿ, ಏನಾದರೂ ಮಾಡಮ್ಮ, ಜನ ಬಂದು ಬಾಗಿಲಲ್ಲಿ ನಿಲ್ಲುವ ಹಾಗಾಗಬಾರದು ಅಂದರು.

ಆಷಾಢವೆಲ್ಲ ಅದರಲ್ಲೇ ಕಳೆಯಿತು. ಹೊರಗೆ ನಿಂತೂ ನಿಲ್ಲದಂಥ ಸೋನೆ. ನಾಲೆಗೆ ನೀರು ಬಿಟ್ಟು, ಬಸ್ಸಿನ ಕಿಟಕಿಯಿಂದ ಕಂಡಷ್ಟು ದೂರ ನಾಟಿಗೆ ಹದ ಮಾಡಿದ ಕೆಸರುಗದ್ದೆ. ನಾನು ಒದ್ದೆ ಸೀರೆ ಕೊಡವಿಕೊಂಡು ಕೂತರೆ ಊಟಕ್ಕೂ ಏಳುತ್ತಿರಲಿಲ್ಲ. ಒಂದು ಬ್ಯಾನರಿನ ಕಡತವೆಂದರೆ ಒಂದರ ಮೇಲೊಂದು ಇಟ್ಟ ಗಾಜಿನ ಹಾಳೆಗಳಿದ್ದಂತೆ. ಒಂದರಲ್ಲಿ ಫೋಟೋ, ಒಂದರಲ್ಲಿ ಹೂವಿನ ಅಂಚು, ಮತ್ತೆ ಕೆಲವದರಲ್ಲಿ ಬರೀ ಅಕ್ಷರ. ಇವಕ್ಕೆ ಲೇಯರು ಅನ್ನುತ್ತೇವೆ. ಅಕ್ಷರದ ಲೇಯರಿನ ಗುಣವೆಂದರೆ ಅಲ್ಲಿ ಅಕ್ಷರ ಅಕ್ಷರವಾಗಿಯೇ ಉಳಿದಿರುತ್ತದೆ, ಎಷ್ಟು ವರ್ಷ ಬಿಟ್ಟು ಬಂದರೂ ತಿದ್ದಬಹುದು. ಪ್ಲಗಿನ್ ಅಂಥ ಲೇಯರುಗಳನ್ನು ಹುಡುಕಿ, ಒಳಗಿನ ಮಾತನ್ನು ಓದಿ, ನಿಜವಾದ ಕನ್ನಡಕ್ಕೆ ತಿರುಗಿಸಿ, ಹೊಸ ಫಾಂಟು ತೊಡಿಸಬೇಕು.

ಹೇಳಲು ಇಷ್ಟೆ. ಮಾಡಲು ಹೋದರೆ ಹೆಜ್ಜೆಗೊಂದು ಮುಗ್ಗರಿಕೆ. ಮೊದಲ ಸಲ ಓಡಿಸಿದಾಗ ‘ಸ್ವರ್ಗಸ್ಥ’ ಅನ್ನುವುದೆಲ್ಲ ‘ಸ್ವಗರ್ಸ್ಥ’ ಆಗಿ ಬಂತು. ಹಳೆಯ ಫಾಂಟಿನಲ್ಲಿ ಅರ್ಕಾವೊತ್ತನ್ನು ಅಕ್ಷರದ ನಂತರ ಒತ್ತುತ್ತಿದ್ದರು, ಹೊಸ ಪದ್ಧತಿಯಲ್ಲಿ ಅದು ಮುಂಚೆ ಬರಬೇಕು. ಅದನ್ನು ತಿದ್ದಿದೆ. ಆಮೇಲೆ ನೋಡಿದರೆ ಕೆಂಪಗೆ ದಪ್ಪಗೆ ಬರೆದ ಹೆಸರಿನ ಪಕ್ಕದಲ್ಲಿ ಸಣ್ಣಗೆ ಕಪ್ಪಗೆ ಇರಬೇಕಾದ ಊರಿನ ಹೆಸರೂ ಕೆಂಪಗೆ ದಪ್ಪಗಾಗಿತ್ತು. ಒಂದೇ ಲೇಯರಿನೊಳಗೆ ಎರಡು ಮೂರು ಬಗೆಯ ಅಕ್ಷರವಿದ್ದಾಗ ಮಾತನ್ನು ಸಾರಾಸಗಟಾಗಿ ಬದಲಿಸಿದರೆ ಎಲ್ಲವೂ ಮೊದಲ ಅಕ್ಷರದ ರೂಪವನ್ನೇ ತಾಳುತ್ತದೆ. ಹಾಗಾಗಿ ಎಲ್ಲಿಂದ ಎಲ್ಲಿಯವರೆಗೆ ಯಾವ ಬಣ್ಣ, ಯಾವ ಅಳತೆ ಎಂದು ಮೊದಲೇ ಬರೆದಿಟ್ಟುಕೊಂಡು, ಮಾತು ಬದಲಿಸಿದ ಮೇಲೆ ಮತ್ತೆ ಹಚ್ಚುವಂತೆ ಮಾಡಿದೆ. ಕೊನೆಗೆ ಉಳಿದದ್ದು ಒತ್ತಕ್ಷರಗಳ ಗೋಳು. ಕನ್ನಡದ ಒತ್ತು ಸರಿಯಾಗಿ ಕೂರಬೇಕಾದರೆ ತಂತ್ರಾಂಶದಲ್ಲಿ ಒಂದು ಸೆಟ್ಟಿಂಗು ಬದಲಿಸಬೇಕು. ಆ ಸೆಟ್ಟಿಂಗು ಕೈಗೆ ಸಿಗುವುದು ಆಯ್ಕೆಯಾಗಿರುವ ಲೇಯರಿಗೆ ಮಾತ್ರ. ಸರಿ, ಪ್ರತಿಯೊಂದು ಅಕ್ಷರದ ಲೇಯರನ್ನೂ ಒಂದೊಂದಾಗಿ ಆಯ್ಕೆ ಮಾಡು, ಸೆಟ್ಟಿಂಗು ಬದಲಿಸು, ಮುಂದಕ್ಕೆ ಹೋಗು ಅಂತ ಬರೆದೆ. ಆ ಒಂದು ಸಾಲನ್ನು ಬರೆದ ದಿನ ನನಗೆ ಬಹಳ ಸಂತೋಷವಾಗಿತ್ತು.

ಹತ್ತು ಕಡತಗಳ ಮೇಲೆ ಪರೀಕ್ಷಿಸಿದೆ. ಹತ್ತೂ ಚೆನ್ನಾಗಿ ಬಂದವು. ಮಾರನೆಯ ದಿನ ಅಂಗಡಿಯ ಇಡೀ ಸಂಗ್ರಹವನ್ನು ಅದರ ಬಾಯಿಗೆ ಕೊಟ್ಟೆ. ಬೇರೆ ಪ್ರತಿ ತೆಗೆದಿಡಲಿಲ್ಲ. ಹಳೆಯ ಕಡತದ ಮೇಲೆಯೇ ಹೊಸದು ಕೂತಿತು. ಪರದೆಯ ಮೇಲೆ ಒಂದಾದ ಮೇಲೊಂದು ಬ್ಯಾನರು ತೆರೆದು ಮುಚ್ಚಿ, ತೆರೆದು ಮುಚ್ಚಿ, ಗೊಂದಲದ ಚಿಹ್ನೆಗಳ ಜಾಗದಲ್ಲಿ ಕನ್ನಡದ ಹೆಸರುಗಳು ಮೂಡುತ್ತಿದ್ದರೆ ನಿಂಗರಾಜಣ್ಣ ಟೀ ಲೋಟ ಹಿಡಿದುಕೊಂಡು ಬಂದು ನನ್ನ ಹಿಂದೆ ನಿಂತು ನೋಡಿದರು. ಆ ಟೀ ಲೋಟವನ್ನು ನನ್ನ ಮುಂದೆ ಇಟ್ಟು, ತಮಗೆ ಇನ್ನೊಂದು ತರಿಸಿಕೊಂಡರು.

ಹದಿನೈದು ದಿನ ಕಳೆದಿರಬೇಕು. ಕೊಪ್ಪದ ಶಿವಲಿಂಗು ಅನ್ನುವವನು ಫೋನು ಮಾಡಿ, ಅವನ ತಂದೆ ಬೋರೇಗೌಡರ ಪುಣ್ಯಸ್ಮರಣೆಯ ಬ್ಯಾನರು ಬೇಕೆಂದ. ಪ್ರತಿ ವರ್ಷ ಮಾಡಿಸುವುದೇ. ಈ ಸಲ ಏಳನೇ ವರ್ಷ, ಅದೊಂದು ಬದಲಿಸಿದರೆ ಸಾಕು, ನೋಡಲು ಕಳಿಸುವುದೂ ಬೇಡ ಅಂದ. ನಾನು ‘ಆರನೇ’ ಇದ್ದದ್ದನ್ನು ‘ಏಳನೇ’ ಮಾಡಿ ಮಿಷನ್ನಿಗೆ ಕಳಿಸಿದೆ. ಸಂಜೆ ಯಾರೋ ಬಂದು ಸುರುಳಿ ತೆಗೆದುಕೊಂಡು ಹೋದರು.

ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಶಿವಲಿಂಗುವೇ ಅಂಗಡಿಗೆ ಬಂದ. ನಲವತ್ತು ದಾಟಿದ ಗಟ್ಟಿ ಆಳು, ತಿಥಿಯ ದಿನವಾದ್ದರಿಂದ ಬಿಳಿ ಪಂಚೆ, ಹೆಗಲಲ್ಲಿ ಟವಲು. ಅಷ್ಟು ದೂರ ಮಳೆಯಲ್ಲಿ ಗಾಡಿ ಓಡಿಸಿಕೊಂಡು ಬಂದಿದ್ದ. ಜಗಳಕ್ಕೆ ಬಂದಿದ್ದಾನೆ ಅಂದುಕೊಂಡೆ. ಅವನು ಕುರ್ಚಿ ಎಳೆದುಕೊಂಡು ಕೂತ.

“ಸವಿತನ್ ಎಸ್ರು ಆಕು ಅಂತ ನಿಮ್ಗೆ ಯಾರ್ ಯೋಳಿದ್ದು?” ಅಂದ.

ನನಗೆ ಯಾವ ಸವಿತಾ ಎಂದೇ ತಿಳಿಯಲಿಲ್ಲ. ಕಡತ ತೆರೆದೆ. ಬೋರೇಗೌಡರ ಫೋಟೋ, ದೀಪ, ಕೆಳಗೆ ದುಃಖತಪ್ತರ ಪಟ್ಟಿ: ಪತ್ನಿ ಜಯಮ್ಮ, ಮಗ ಶಿವಲಿಂಗು, ಸೊಸೆ, ಮೊಮ್ಮಕ್ಕಳು. ಅದರ ಕೆಳಗೆ, ಅಷ್ಟೇ ಅಂದವಾಗಿ, ಅದೇ ಅಳತೆಯಲ್ಲಿ, ‘ಮಗಳು: ಸವಿತಾ’. ನಾನು ಆ ಲೇಯರಿನ ಪಕ್ಕದಲ್ಲಿರುವ ಕಣ್ಣಿನ ಗುರುತನ್ನು ನೋಡಿದೆ. ಲೇಯರೊಂದನ್ನು ಅಳಿಸದೆ ಮರೆಮಾಡಬೇಕಾದರೆ ಆ ಕಣ್ಣನ್ನು ಮುಚ್ಚುತ್ತೇವೆ. ಲೇಯರು ಕಡತದಲ್ಲಿ ಇರುತ್ತದೆ, ಪ್ರಿಂಟಿನಲ್ಲಿ ಬರುವುದಿಲ್ಲ. ಇಲ್ಲಿ ಕಣ್ಣು ತೆರೆದಿತ್ತು. ಹೋದ ವರ್ಷದ ಪ್ರಿಂಟಿನ ಫೋಟೋ ಅಂಗಡಿಯ ಫೋನಿನಲ್ಲಿತ್ತು. ಅದರಲ್ಲಿ ಆ ಸಾಲು ಇಲ್ಲ, ಆ ಜಾಗ ಖಾಲಿ.

ನಾನು ಬರೆದ ಆ ಒಂದು ಸಾಲು ನೆನಪಾಯಿತು: ಲೇಯರನ್ನು ಆಯ್ಕೆ ಮಾಡು. ಹೊಸ ಕಡತವೊಂದನ್ನು ತೆರೆದು ಒಂದು ಲೇಯರು ಮಾಡಿ, ಕಣ್ಣು ಮುಚ್ಚಿ, ಪ್ಲಗಿನ್ ಓಡಿಸಿದೆ. ನೋಡನೋಡುತ್ತಿದ್ದಂತೆ ಕಣ್ಣು ತೆರೆದುಕೊಂಡಿತು. ಪ್ರೋಗ್ರಾಮಿನ ಮೂಲಕ ಆಯ್ಕೆ ಮಾಡಿದರೆ ಮರೆಯಲ್ಲಿದ್ದ ಲೇಯರು ತಾನಾಗಿ ಎದುರಿಗೆ ಬಂದುಬಿಡುತ್ತದೆ. ಅದು ಮೊದಲು ಹೇಗಿತ್ತೆಂದು ನೆನಪಿಟ್ಟುಕೊಂಡು, ಕೆಲಸ ಮುಗಿದ ಮೇಲೆ ಮತ್ತೆ ಮರೆಮಾಡುವ ಜವಾಬ್ದಾರಿ ಬರೆಯುವವರದು. ನಾನು ಬಣ್ಣ ನೆನಪಿಟ್ಟುಕೊಂಡಿದ್ದೆ, ಅಳತೆ ನೆನಪಿಟ್ಟುಕೊಂಡಿದ್ದೆ, ಇದನ್ನು ಮರೆತಿದ್ದೆ. ಪರೀಕ್ಷೆಗೆ ತೆಗೆದುಕೊಂಡ ಹತ್ತು ಕಡತಗಳಲ್ಲಿ ಒಂದರಲ್ಲೂ ಮರೆಮಾಡಿದ ಲೇಯರು ಇರಲಿಲ್ಲ.

ಇದೊಂದೇ ಕಡತವಲ್ಲವಲ್ಲ. ಹದಿನೈದು ವರ್ಷಗಳಲ್ಲಿ ಈ ಸೀಮೆಯ ಜನ ಬರೆಸಿ ಬೇಡವೆಂದದ್ದೆಲ್ಲ ಈಗ ಕಣ್ಣು ಬಿಟ್ಟುಕೊಂಡು ಕೂತಿದೆ. ಯಾವುದು ಮೊದಲು ಮುಚ್ಚಿತ್ತು ಎಂದು ಹೇಳುವ ಗುರುತೇ ಎಲ್ಲೂ ಉಳಿದಿಲ್ಲ.

ಆ ಕಡತಗಳ ಪಾಡು ಏನಾಯಿತೆಂದು ಇಲ್ಲೇ ಹೇಳಿ ಮುಗಿಸಿಬಿಡುತ್ತೇನೆ. ಆಗಲೇ ಪ್ರಿಂಟಾಗಿ ಹೋಗಿದ್ದವುಗಳಲ್ಲಿ ಒಂದು ಬೇಕರಿಯ ಬೋರ್ಡಿನಲ್ಲಿ ಬಿಟ್ಟುಹೋದ ಪಾಲುದಾರನ ಹೆಸರು ಬಂದಿತ್ತು. ಪುಣ್ಯಕ್ಕೆ ಅದನ್ನು ಇನ್ನೂ ಮೇಲೇರಿಸಿರಲಿಲ್ಲ. ಉಳಿದದ್ದನ್ನು ಸರಿಮಾಡಲು ನಿಂಗರಾಜಣ್ಣ ಕೆಂಪಣ್ಣನನ್ನು ಮನೆಯಿಂದ ಕರೆತಂದರು. ಆಗಷ್ಟೇ ಒಂದು ಕಣ್ಣಿನ ಪೊರೆ ತೆಗೆಸಿಕೊಂಡಿದ್ದ ಅವರು ತಿಂಗಳುಗಟ್ಟಲೆ ಮಧ್ಯಾಹ್ನದ ಹೊತ್ತು ನನ್ನ ಪಕ್ಕದಲ್ಲಿ ಕೂತು, ಪರದೆಗೆ ಮೂಗು ತಾಗುವಷ್ಟು ಬಾಗಿ, ಇದನ್ನು ಮುಚ್ಚು, ಇದನ್ನು ಬಿಡು, ಇದನ್ನು ಮುಚ್ಚು ಎನ್ನುತ್ತಿದ್ದರು. ಅಷ್ಟೂ ನೆನಪಿತ್ತು ಆ ಮನುಷ್ಯನಿಗೆ. ಮುರಿದುಬಿದ್ದ ಮದುವೆಯ ವರನ ಹೆಸರು, ಪಕ್ಷ ಬದಲಿಸಿದವರ ಬಿರುದು, ಪಾಲಾದ ಅಣ್ಣತಮ್ಮಂದಿರು. ಯಾಕೆ ಮುಚ್ಚಿದಿರಿ ಅಂತ ನಾನು ಒಂದೆರಡು ಸಲ ಕೇಳಿದೆ. ಅವರು ಕೇಳಿಸದವರಂತೆ ಮುಂದಿನ ಕಡತ ತೆಗೆ ಅಂದರು. ಆಮೇಲೆ ಕೇಳುವುದನ್ನು ಬಿಟ್ಟೆ.

ಆ ಬೆಳಿಗ್ಗೆಗೆ ವಾಪಸು ಬರುತ್ತೇನೆ. ಶಿವಲಿಂಗುವಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಯಾರೂ ಹೇಳಲಿಲ್ಲ, ಹಳೆಯ ಕಡತದಲ್ಲಿ ಮರೆಯಲ್ಲಿದ್ದದ್ದು ನನ್ನ ಪ್ರೋಗ್ರಾಮಿನ ತಪ್ಪಿನಿಂದ ಹೊರಗೆ ಬಂತು, ನಾನೂ ನೋಡದೆ ಕಳಿಸಿದೆ. ಅವನು ನಂಬಲೋ ಬೇಡವೋ ಎನ್ನುವಂತೆ ಪರದೆಯನ್ನೇ ನೋಡುತ್ತಿದ್ದ. “ಇದ್ನ ಮಿಷೀನೇ ಮಾಡ್ತಾ?” ಅಂತ ಒಮ್ಮೆ ಕೇಳಿದ. ಆಮೇಲೆ ಹೇಳಿದ, “ನಮ್ಮವ್ವ ನಾನೇ ಬರ್ಸಿದ್ದು ಅನ್ಕೊಂಡವ್ಳೆ. ಜನದ್ ಮುಂದೆ ನನ್ ಕೈ ಇಡ್ಕೊಂಡು ಕಣ್ಣಿಗೆ ಒತ್ಕೊಂಡ್ಲು. ನಾನ್ ಏನಂತ ಯೋಳ್ಲಿ?”

ನಿಂಗರಾಜಣ್ಣನಿಗೆ ಆ ಮನೆಯ ವಿಷಯ ಗೊತ್ತಿತ್ತು. ನನ್ನನ್ನು ಬದಿಗೆ ಕರೆದು ನಾಲ್ಕು ಮಾತಿನಲ್ಲಿ ಹೇಳಿದರು. ಬೋರೇಗೌಡರದು ಕೊಪ್ಪದಲ್ಲಿ ಹಳೆಯ ಒಕ್ಕಲು ಮನೆತನ. ಮಗಳು ಸವಿತಾ ಓದಿ ಕೆಲಸಕ್ಕೆ ಸೇರಿ, ಜೊತೆಗೆ ಓದಿದ್ದ ಮಳವಳ್ಳಿಯ ಆನಂದಮೂರ್ತಿ ಎಂಬ ಗಣಿತದ ಮೇಷ್ಟ್ರನ್ನು ಮದುವೆಯಾದಳು. ಅವರು ಬೌದ್ಧರು. ಊರವರು ಹಾಗೆನ್ನುತ್ತಿರಲಿಲ್ಲ, ಕೇರಿಯವರು ಎನ್ನುತ್ತಿದ್ದರು. ಆವತ್ತಿನಿಂದ ಆ ಮನೆಯ ಬಾಗಿಲು ಅವಳಿಗೆ ಮುಚ್ಚಿತು. ಅಪ್ಪನ ಮಣ್ಣಿನ ದಿನ ಬಂದು ದೂರದ ಹುಣಸೆಮರದ ಹತ್ತಿರ ನಿಂತು ಹೋದಳಂತೆ. ಮೊದಲ ವರ್ಷದ ಬ್ಯಾನರಿನಿಂದ ಅವಳ ಹೆಸರು ತೆಗೆಸಿದ್ದು ಶಿವಲಿಂಗುವೇ ಎಂದು ಊರಿಗೆಲ್ಲ ಗೊತ್ತು, ತಾಯಿ ಆ ಸಿಟ್ಟಿಗೆ ಮಗನ ಜೊತೆ ಸರಿಯಾಗಿ ಮಾತಾಡುವುದನ್ನೇ ಬಿಟ್ಟಿದ್ದಾರೆ ಅಂದರು.

ಬೇರೆ ಬ್ಯಾನರು ಈಗಲೇ ಹೊಡೆದುಕೊಡುತ್ತೇವೆ ಎಂದು ನಿಂಗರಾಜಣ್ಣ ಅವನಿಗೆ ಹೇಳಿದರು. ಅವನು ಬೇಡವೆಂದು ತಲೆಯಾಡಿಸಿದ. ಅವ್ವ ಬ್ಯಾನರಿನ ಬುಡದಲ್ಲೇ ಕುರ್ಚಿ ಹಾಕಿಸಿಕೊಂಡು ಕೂತಿದ್ದಾಳೆ, ಬಿಚ್ಚಲು ಬಿಡುವುದಿಲ್ಲ ಅಂದ. ಕೊನೆಗೆ ನಾವೂ ಕೊಪ್ಪಕ್ಕೆ ಹೋಗಿ ಬರುವುದೆಂದಾಯಿತು. ಅಲ್ಲಿಗೆ ಹೋಗಿ ಏನು ಹೇಳಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ನಿಂಗರಾಜಣ್ಣನ ಗಾಡಿಯ ಹಿಂದೆ ಕೊಡೆ ಮುದುರಿಕೊಂಡು ಕೂತೆ. ಬೆಸಗರಹಳ್ಳಿಯಲ್ಲಿ ನಮ್ಮ ಮನೆಯ ಮುಂದೆಯೇ ಹಾದುಹೋದಾಗ ಇಳಿದು ಒಳಗೆ ಓಡಿಬಿಡಬೇಕು ಅನಿಸಿತು. ಊರು ದಾಟಿದ ಮೇಲೆ ನಿಂಗರಾಜಣ್ಣ ಗಾಡಿ ನಿಧಾನ ಮಾಡಿ, “ನೋಡು ರೂಪಮ್ಮ, ಅಲ್ಲೋಗಿ ಮಿಷನ್ನು ಗಿಷನ್ನು ಅನ್ಬೇಡ. ಆ ಮುದ್ಕಿ ಅಂಗೇ ಅನ್ಕೊಂಡಿರ್ಲಿ ಬುಡು,” ಅಂದರು. ನಾನು ಹೂಂ ಅಂದೆ.

ಕೊಪ್ಪದ ಬಸ್ ನಿಲ್ದಾಣದ ಎದುರಿಗೆ ಎರಡು ಬಿದಿರಿನ ಗಳುಗಳ ನಡುವೆ ಬ್ಯಾನರು ಬಿಗಿದಿತ್ತು. ಹನಿ ಬೀಳುತ್ತಿದ್ದರೂ ಜಯಮ್ಮ ಅದರ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಸಣ್ಣ ಜೀವ, ಸೆರಗನ್ನು ತಲೆಯ ಮೇಲೆ ಹೊದ್ದಿದ್ದರು. ಅವರಿಗೆ ಓದು ಬಾರದು, ಆದರೆ ಮನೆಯವರ ಹೆಸರುಗಳ ಆಕಾರ ಗೊತ್ತು. ಇವರೇ ಬ್ಯಾನರು ಮಾಡಿದವರು ಎಂದು ಯಾರೋ ಹೇಳಿದಾಗ ಆಕೆ ನನ್ನ ಕೈ ಹಿಡಿದು ಹತ್ತಿರಕ್ಕೆ ಎಳೆದುಕೊಂಡರು. ಆ ಕೈ ಒದ್ದೆಯಾಗಿತ್ತು, ಬಿಸಿಯಾಗಿತ್ತು. ಎಷ್ಟು ಮುದ್ದಾಗಿ ಬರೆದಿದ್ದೀಯವ್ವ, ನನ್ನ ಮಗನಿಗೆ ದೇವರು ಬುದ್ಧಿ ಕೊಟ್ಟ, ಊಟ ಮಾಡದೆ ಹೋಗಬೇಡ ಅಂದರು. ಎಡೆ ಇಟ್ಟಾಗಿತ್ತು, ಹತ್ತಿರದಲ್ಲೇ ಇದ್ದ ಅವರ ಮನೆಯ ಜಗುಲಿಯಲ್ಲಿ ನೆಂಟರು ಉಣ್ಣುತ್ತಿದ್ದರು. ನನಗೂ ಎಲೆ ಹಾಕಿದರು. ಮುದ್ದೆ ಮುರಿದದ್ದು ನೆನಪಿದೆ, ನುಂಗಿದ್ದು ನೆನಪಿಲ್ಲ. ಶಿವಲಿಂಗು ಸಾರಿನ ಬಕೆಟ್ಟು ಹಿಡಿದು ಬಡಿಸುತ್ತಾ ನನ್ನ ಮುಂದೆ ಬಂದಾಗ ತಲೆ ಎತ್ತಲಿಲ್ಲ.

ಎರಡು ಗಂಟೆಯ ಮದ್ದೂರು ಬಸ್ಸಿನಿಂದ ಸವಿತಾ ಇಳಿದಳು. ಬೆಳಿಗ್ಗೆಯೇ ಯಾರೋ ಬ್ಯಾನರಿನ ಫೋಟೋ ತೆಗೆದು ಮಳವಳ್ಳಿಗೆ ಕಳಿಸಿದ್ದರು. ಕಚೇರಿಗೆ ಹೋಗುವ ಸೀರೆಯಲ್ಲೇ, ಹೆಗಲಲ್ಲಿ ಬ್ಯಾಗು ಹಾಕಿಕೊಂಡು ಒಬ್ಬಳೇ ಬಂದಿದ್ದಳು. ಉಣ್ಣುತ್ತಿದ್ದವರು ಕೈ ತೊಳೆಯದೆ ಎದ್ದು ಬಂದರು. ತಾಯಿ ಕುರ್ಚಿಯಿಂದ ಎದ್ದು ಎರಡೂ ಕೈ ಚಾಚಿದರು. ಅವಳು ಬಂದು ಅವ್ವನ ಕೈ ಹಿಡಿದುಕೊಂಡಳು, ಆದರೆ ಕಣ್ಣು ಬ್ಯಾನರಿನ ಮೇಲೆಯೇ ಇತ್ತು. ಅವಳು ಅಳುತ್ತಾಳೆಂದು ನಾವೆಲ್ಲ ಕಾಯುತ್ತಿದ್ದೆವು. ಅವಳು ಅಣ್ಣನ ಕಡೆ ತಿರುಗಿದಳು.

“ಅಣ್ಣ, ಅವತ್ತೇ ಫೋನಲ್ಲಿ ಹೇಳಿದ್ನಲ್ಲ ನಿಂಗೆ. ಅವರ ಹೆಸ್ರು ಇಲ್ದೆ ನನ್ನ ಹೆಸ್ರೊಂದೇ ಬರೆಸ್ಬೇಡ ಅಂತ. ಎಲ್ರ ಮನೆ ಬ್ಯಾನರಲ್ಲೂ ಮಗಳು ಅಳಿಯ ಅಂತ ಇರುತ್ತೆ. ನನಗೊಬ್ಬಳಿಗೆ ಗಂಡ ಇಲ್ವಾ? ಮತ್ಯಾಕೆ ಬರೆಸ್ದೆ?”

ಅಲ್ಲಿ ನಿಂತಿದ್ದವರಲ್ಲಿ ಯಾರಿಗೂ ಇದು ಗೊತ್ತಿರಲಿಲ್ಲ. ನಾನು ನಿಂಗರಾಜಣ್ಣನ ಮುಖ ನೋಡಿದೆ, ಅವರ ಬಾಯಿ ಅರ್ಧ ತೆರೆದೇ ಇತ್ತು. ಜಯಮ್ಮ ಮಗಳ ಕೈ ಬಿಟ್ಟು ಮಗನನ್ನು ನೋಡಿದರು. “ಮದ್ಲು ನೀನೇ ಬರ್ಸಿದ್ದಾ?” ಅಂದರು. ಅವನು ಹೌದೆಂದು ತಲೆಯಾಡಿಸಿದ. ಮೊದಲ ವರ್ಷ ತಾನೇ ಹೋಗಿ ಕೆಂಪಣ್ಣನ ಮುಂದೆ ಕೂತು ತಂಗಿಯ ಹೆಸರು ಬರೆಸಿ, ಸಂತೋಷಕ್ಕೆ ಅವಳಿಗೆ ಫೋನು ಮಾಡಿದ್ದ. ಗಂಡನ ಹೆಸರಿಲ್ಲದಿದ್ದರೆ ತನ್ನದೂ ಬೇಡವೆಂದಳು. ಆ ಹೆಸರು ಬರೆಸುವ ಧೈರ್ಯ ಅವನಿಗಿರಲಿಲ್ಲ. ಇವಳದನ್ನೂ ಮುಚ್ಚಿಸಿಬಿಟ್ಟ.

“ನಂಗ್ ಯಾಕ್ಲಾ ಯೋಳ್ನಿಲ್ಲ?”

“ಯೋಳಿದ್ರೆ ನೀನು ಅವಳ್ನ ಬೈತಿದ್ದೆ,” ಅಂದ ಶಿವಲಿಂಗು. ಅಷ್ಟೆ ಅಂದ. ಈ ಸಲದ್ದು ತಾನು ಬರೆಸಿದ್ದಲ್ಲ ಎಂದು ಹೇಳಲಿಲ್ಲ. ಬೆಳಿಗ್ಗೆ ಅವ್ವ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡದ್ದನ್ನು ಅವನಿಂದ ಬಿಡಲಾಗಲಿಲ್ಲವೇನೋ. ತಂಗಿಯ ಮಾತನ್ನು ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಾ ನಿಂತಿದ್ದ. ಅವಳು ಹೇಳುತ್ತಿದ್ದಳು, ಏಳು ವರ್ಷ ಆದರೂ ಅವರ ಹೆಸರು ನಿನ್ನ ಬಾಯಲ್ಲಿ ಬರಲಿಲ್ಲವಲ್ಲ ಅಣ್ಣ, ಇವತ್ತು ಮನೆಯಲ್ಲಿ ಅವರು ಈ ಫೋಟೋ ನೋಡಿ ಏನೂ ಅನ್ನದೆ ಸ್ಕೂಲಿಗೆ ಹೋದರು ಅಂತ.

ನಾನು ಮುಂದೆ ಹೋದೆ. ಹೋಗಬೇಕೆಂದು ತೀರ್ಮಾನ ಮಾಡಿ ಹೋದದ್ದಲ್ಲ. ನನ್ನ ತಪ್ಪಿಗೆ ಅವನು ಬೈಸಿಕೊಳ್ಳುವುದನ್ನು ನೋಡಲಾಗಲಿಲ್ಲ. ಇವರು ಬರೆಸಿಲ್ಲ, ತಪ್ಪು ನನ್ನದು ಅಂದೆ. ಹಳೆಯದು ಕಂಪ್ಯೂಟರಿನಲ್ಲಿ ಮುಚ್ಚಿಟ್ಟ ಹಾಗೇ ಉಳಿದಿತ್ತು, ಎಲ್ಲ ಕಡತಗಳನ್ನೂ ಸರಿಪಡಿಸಲು ಹೋಗಿ ನಾನು ಅದನ್ನು ತೆರೆದುಬಿಟ್ಟೆ, ಗೊತ್ತಾಗದೆ ಪ್ರಿಂಟಾಯಿತು ಅಂದೆ. ಲೇಯರು, ಕಣ್ಣು ಅಂತೆಲ್ಲ ಏನೇನೋ ಹೇಳಿದೆ. ಸವಿತಾಗೆ ಅರ್ಥವಾಯಿತು. ಅವಳು ನನ್ನನ್ನೇ ನೋಡುತ್ತಾ ಅಲ್ಲೇ ಬಿದಿರಿನ ಗಳುವಿಗೆ ಒರಗಿ ನಿಂತಳು. ಸಿಟ್ಟು ಇಳಿದು ಅವಳ ಮುಖ ಬೇರೆಯಾಯಿತು. ಸಿಟ್ಟಿದ್ದಾಗಲೇ ಚೆನ್ನಾಗಿತ್ತು. ಯಾರೋ ತನ್ನ ಹೆಸರು ಬರೆಸಿದ್ದಾರೆ ಅನ್ನುವುದಾದರೂ ಅವಳಿಗಿತ್ತು.

ಜಯಮ್ಮ ನನ್ನ ಹತ್ತಿರ ಬಂದರು.

“ಅಂಗಾದ್ರೆ ಯಾರೂ ಬರುಸ್ನಿಲ್ವ ಕಣವ್ವ?”

ಇಲ್ಲಮ್ಮ ಅಂದೆ. ನನ್ನ ಬದುಕಿನಲ್ಲಿ ಅಷ್ಟು ಕಷ್ಟಪಟ್ಟು ಇನ್ಯಾವ ಮಾತನ್ನೂ ಆಡಿಲ್ಲ. ಆಕೆ ಕುರ್ಚಿಗೆ ಹೋಗಿ ಕೂತರು. ನೆಂಟರಲ್ಲಿ ಯಾರೋ, ಆಯಿತು ಬಿಡಿ, ಬಿಚ್ಚಿಸಿದರಾಯಿತು ಅಂದರು. ಮಳೆ ಸ್ವಲ್ಪ ಜೋರಾಯಿತು, ಬ್ಯಾನರಿನ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಆಕೆ ಅದೆಷ್ಟು ಹೊತ್ತು ಹಾಗೆ ಕೂತಿದ್ದರೋ. ಸವಿತಾ ವಾಪಸು ಹೋಗಲು ಬಸ್ಸು ಯಾವಾಗ ಅಂತ ಪಕ್ಕದ ಅಂಗಡಿಯವರನ್ನು ಕೇಳಿದ ಮೇಲೆ ಜಯಮ್ಮ ಎದ್ದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು.

“ಎಡೆ ಇಕ್ಕಿದ್ದಾಯ್ತು. ಉಣ್ಣೋರು ಉಂಡ್ರು. ನಾನು ಮಳವಳ್ಳಿಗ್ ಓಯ್ತೀನಿ,” ಅಂದರು.

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಸವಿತಾಗೂ ಆಗಲಿಲ್ಲ. ಮದುವೆಯಾದಾಗಿನಿಂದ ತಾಯಿ ಅವಳ ಮನೆಯ ದಾರಿ ತುಳಿದವರಲ್ಲ. ನಾಳೆ ಹೋದರಾಯಿತು, ಗಂಡನ ತಿಥಿಯ ದಿನ ಮನೆ ಬಿಟ್ಟು ಹೋಗುವುದುಂಟೇ ಎಂದು ವಾರಗಿತ್ತಿ ಕೈ ಹಿಡಿದು ನಿಲ್ಲಿಸಲು ನೋಡಿದರು. ಅವರ ಮನೆಯಲ್ಲಿ ಉಣ್ಣುತ್ತೀಯಾ ಅಂತ ಇನ್ನೊಬ್ಬರು ಮೆಲ್ಲಗೆ ಕೇಳಿದರು. ನನ್ನ ಮಗಳು ಉಣ್ಣುತ್ತಿದ್ದಾಳಲ್ಲ ಅಂದರು ಜಯಮ್ಮ, ಕೂಗದೆ, ಯಾವಾಗಲೋ ತೀರ್ಮಾನವಾದ ಮಾತನ್ನು ಹೇಳುವ ಹಾಗೆ. ಆಮೇಲೆ ಮಗಳ ಕಡೆ ತಿರುಗಿ, “ಅವ್ರು ಇಸ್ಕೂಲಿಂದ ಎಷ್ಟೊತ್ಗೆ ಬತ್ತಾರೆ?” ಅಂದರು. ಅಳಿಯನ ಹೆಸರು ಅವರಿಗೂ ಬಾಯಿಗೆ ಬರಲಿಲ್ಲ. ಆದರೆ ಕೇಳಿದರು. ಸವಿತಾ ಬಾಯಿಗೆ ಸೆರಗು ಒತ್ತಿಕೊಂಡು, ಐದಕ್ಕೆ ಅವ್ವ ಅಂದಳು.

ಬಸ್ಸು ಬಂತು. ನಾನು ಆ ಗುಂಪಿನಲ್ಲಿ ಕಾಲು ಕೀಳಲಾಗದೆ ನಿಂತಿದ್ದೆ. ಬೆಳಿಗ್ಗೆಯಿಂದ ಬಡಿದ ಯಾವ ಪೆಟ್ಟೂ ಇದರಷ್ಟು ನನ್ನನ್ನು ಅಲುಗಾಡಿಸಿರಲಿಲ್ಲ. ತಾವು ಹುಟ್ಟಿದಾಗಿನಿಂದ ಕೇಳಿಕೊಂಡು ಬಂದದ್ದನ್ನೆಲ್ಲ ಆ ಹೆಂಗಸು ಒಂದು ಕುರ್ಚಿಯಿಂದ ಎದ್ದಷ್ಟು ಸಲೀಸಾಗಿ ಬಿಟ್ಟು ಹೊರಟಿದ್ದರು. ಆಕೆ ಗೌರಿಹಬ್ಬ ಕಳೆಯುವ ತನಕ ಮಳವಳ್ಳಿಯಲ್ಲೇ ಇದ್ದರೆಂದೂ, ಕರೆತರಲು ಶಿವಲಿಂಗು ಎರಡು ಸಲ ಹೋಗಿದ್ದನೆಂದೂ ಆಮೇಲೆ ಕೇಳಿದೆ. ಅವನು ಒಳಗೆ ಹೋಗಿ ಕೂತನೋ, ಬೀದಿಯಲ್ಲೇ ನಿಂತು ಮಾತಾಡಿಸಿ ಬಂದನೋ ಹೇಳಿದವರಿಗೂ ಗೊತ್ತಿರಲಿಲ್ಲ. ನಾನು ಕಣ್ಣಾರೆ ಕಂಡದ್ದು ಇಷ್ಟು.

ತಾಯಿ ಮಗಳು ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತರು. ಶಿವಲಿಂಗು ಎಲ್ಲೂ ಕಾಣಲಿಲ್ಲ, ಸಿಟ್ಟಾಗಿ ಒಳಗೆ ಹೋದ ಅಂದುಕೊಂಡರು ಜನ. ಕಂಡಕ್ಟರು ವಿಷಲ್ ಊದಿದ ಮೇಲೆ ಅವನು ಮನೆಯ ಕಡೆಯಿಂದ ಪಂಚೆ ಎತ್ತಿ ಹಿಡಿದುಕೊಂಡು, ಕೆಸರಿನಲ್ಲಿ ಜಾರುತ್ತಾ ಓಡಿ ಬಂದ. ಬಸ್ಸಿನ ಮೈ ತಟ್ಟಿ ನಿಲ್ಲಿಸಿದ. ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರು. ಅವ್ವನ ಆಧಾರ್ ಕಾರ್ಡು, ಮಾತ್ರೆಗಳು. ಅದನ್ನು ಕಿಟಕಿಯಿಂದ ಒಳಗೆ ಚಾಚಿ, ಅವ್ವನನ್ನು ನೋಡದೆ ತಂಗಿಗೆ ಹೇಳಿದ:

“ಬಿಳೀದು ಊಟಕ್ ಮುಂಚೆ ಕೊಡು. ಅಳ್ದೀದು ಮಲ್ಗೋವಾಗ. ಮರ್ತೋಯ್ತಾಳೆ ಅವ್ಳು, ನೀನೇ ಕೊಡ್ಬೇಕು.”